‘ಯುದ್ಧಘೋಷಣೆ’ಯಲ್ಲಿ ಅನುತಾಪವೂ ಖ್ಯಾಪನವೂ

ಪಾಪವನ್ನು ಮಾಡಿದವನು ಅದರಿಂದ ಬಿಡುಗಡೆ ಹೊಂದುವ ಮಾರ್ಗಗಳನ್ನು ಮನುಸ್ಮೃತಿಯು ತನ್ನ ಹನ್ನೊಂದನೆಯ ಅಧ್ಯಾಯದಲ್ಲಿ ಎಣಿಸುವಾಗ ಎಲ್ಲಕ್ಕಿಂತ ಮೊದಲು ಖ್ಯಾಪನವನ್ನು ಹೇಳುವುದು. ಎಂದರೆ, ಮಾಡಿದುದನ್ನು ಬಚ್ಚಿಡದೆ ನಾಲ್ವರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದು. ಅನುತಾಪವೂ ತಪಸ್ಸೂ ಅಧ್ಯಯನವೂ ಅದರ ಹಿಂದೆ ಬರುವುವು. ಮನಸ್ಸಿನಲ್ಲಿ ಬೆಂದುಕೊಳ್ಳುವುದಕ್ಕೂ ಮುಂಚೆ ಬಾಯಲ್ಲಿ ಹೇಳುವುದನ್ನು ಇರಿಸಿದುದೇಕೆಂದು ಪಾಠಶಾಲೆಯ ಹುಡುಗರು ಕೇಳುವುದುಂಟು. ಛಂದಸ್ಸಿನ ಅನುಕೂಲಕ್ಕಾಗಿ ಎಂದು ಉತ್ತರಕೊಟ್ಟು ಪಾರಾಗುವ ಉಪಾಧ್ಯಾಯರೂ ಉಂಟು. ಆದರೆ ಅದಕ್ಕಿಂತ ಕಠಿನವಾದ ಪ್ರಶ್ನೆಯೊಂದಿದೆ. ಪಾತಕಿಯು ಪರಿಷತ್ತಿನ ಮುಂದೆ ನಿಂತು ತನ್ನ ಕೃತ್ಯವನ್ನು ಹೇಳಬೇಕು, ಪರಿಷತ್ತು ತಕ್ಕ ಪ್ರಾಯಶ್ಚಿತ್ತವನ್ನು ವಿಧಿಸಬೇಕು ಎಂಬುದು ಶಾಸ್ತ್ರದ ಕ್ರಮ. ಆ ಪರಿಷತ್ತಿನ ಸ್ಥಾನದಲ್ಲಿ ಕುಳಿತು ಕೇಳುತ್ತಿರುವವನೇ ಇನ್ನೊಂದು ಗಳಿಗೆಯಲ್ಲಿ ಅದೇ ಪಾತಕವನ್ನು ಮಾಡಲು ಸಿದ್ಧನಾಗಿ ಬಂದವನಾದರೆ, ಆಗ ಖ್ಯಾಪನದ ಗತಿಯೇನು?

ಜಪಾನಿನ ಅನಿಮೆಯೊಂದರ ಒಂದೇ ಸಂಚಿಕೆಯಲ್ಲಿ, ಅರ್ಧ ಗಂಟೆಗೂ ಕಡಿಮೆಯಾದ ಕಾಲದಲ್ಲಿ, ಈ ಪ್ರಶ್ನೆಯು ಎದ್ದು ನಿಲ್ಲುವುದು. ಕೃತಿಯ ಹೆಸರು ಜಪಾನೀ ಭಾಷೆಯಲ್ಲಿ ‘ಶಿಂಗೆಕಿ ನೋ ಕ್ಯೋಜಿನ್’. ಉಳಿದ ದೇಶಗಳಲ್ಲಿ ಅದು ‘ಅಟ್ಯಾಕ್ ಆನ್ ಟೈಟನ್’ ಎಂದು ಪ್ರಸಿದ್ಧವಾಗಿದೆ. ಇಸಯಾಮ ಹಾಜಿಮೆ ಎಂಬಾತನು 2009ರಿಂದ 2021ರವರೆಗೆ ಮಾಸಪತ್ರಿಕೆಯೊಂದರಲ್ಲಿ ಕ್ರಮವಾಗಿ ಪ್ರಕಟಿಸಿ 34 ಸಂಪುಟಗಳಲ್ಲಿ ಮುಗಿಸಿದ ಮಂಗಾ, ಎಂದರೆ ಚಿತ್ರಕಥೆಯೇ, ಇದರ ಮೂಲ. ಅದನ್ನು ಚಲಿಸುವ ಚಿತ್ರವನ್ನಾಗಿ 2013ರಿಂದ 2019ರವರೆಗೆ ವಿಟ್ ಸ್ಟುಡಿಯೋದವರೂ, 2020ರ ಡಿಸೆಂಬರಿನಿಂದ 2023ರ ನವೆಂಬರಿನವರೆಗೆ ಮಾಪ್ಪಾ ಎಂಬ ಸಂಸ್ಥೆಯವರೂ ರಚಿಸಿದರು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅದರ 64ನೆಯ ಸಂಚಿಕೆ; 2021ರ ಜನವರಿಯಲ್ಲಿ ಪ್ರಸಾರವಾದುದು. ಅದರ ಹೆಸರು ‘ಯುದ್ಧಘೋಷಣೆ’.

ಕಥೆಯನ್ನರಿಯದ ವಾಚಕರಿಗಾಗಿ ಹಿಂದಿನ ಸಂಗತಿಯನ್ನು ಸಂಗ್ರಹವಾಗಿ ಹೇಳಬೇಕಾಗಿದೆ. ಪ್ಯಾರಡಿಸ್ ಎಂಬ ದ್ವೀಪದಲ್ಲಿ ಮೂರು ಸುತ್ತಿನ ಮಹಾಪ್ರಾಕಾರಗಳ ಒಳಗೆ ಒಂದು ಜನ. ಹೊರಗೆ ಮನುಷ್ಯರನ್ನು ತಿನ್ನುವ ದೈತ್ಯರು. ಲೋಕದಲ್ಲಿ ತಾವಲ್ಲದೆ ಬೇರೆ ಮನುಷ್ಯರೇ ಉಳಿದಿಲ್ಲವೆಂದು ಆ ಜನರ ನಂಬಿಕೆ. ಒಂದು ದಿನ ಕೋಟೆಗೋಡೆಗಿಂತಲೂ ಎತ್ತರನಾದ ದೈತ್ಯನೊಬ್ಬನು ಹೊರಬಾಗಿಲನ್ನು ಒದ್ದು ಒಡೆಯುವನು. ಮೈಯೆಲ್ಲ ಕವಚವಾಗಿರುವ ಇನ್ನೊಬ್ಬನು ಒಳಬಾಗಿಲಿಗೆ ಡಿಕ್ಕಿಹೊಡೆದು ಮುರಿಯುವನು. ಎರೆನ್ ಯೇಗರ್ ಎಂಬ ಹತ್ತು ವರ್ಷದ ಬಾಲಕನು, ಕುಸಿದ ಮನೆಯ ತೊಲೆಗಳ ಅಡಿಯಲ್ಲಿ ಸಿಕ್ಕಿಕೊಂಡ ತನ್ನ ತಾಯಿಯನ್ನು ದೈತ್ಯವೊಂದು ಎತ್ತಿ ತಿನ್ನುವುದನ್ನು ಕಣ್ಣಾರೆ ಕಾಣುವನು. ಕೋಟೆಯನ್ನು ಒಡೆದವರು ಯಾರು? ಸಮುದ್ರದಾಚೆಯ ಮಾರ್ಲೆ ರಾಜ್ಯವು ಕಳುಹಿಸಿದ ಮಕ್ಕಳು. ಅವರು ದ್ವೀಪದವರ ರಕ್ತದವರೇ ಆದ ಎಲ್ಡಿಯ ಕುಲದವರು. ಮಾರ್ಲೆಯಲ್ಲಿ ತೋಳಿಗೆ ಗುರುತಿನ ಪಟ್ಟಿ ಕಟ್ಟಿಸಿಕೊಂಡು ಗೋಡೆ ಹಾಕಿದ ಕೇರಿಯಲ್ಲಿ ಬಾಳಬೇಕಾದವರು. ದ್ವೀಪದಲ್ಲಿರುವವರು ಮನುಷ್ಯರಲ್ಲ, ಪಿಶಾಚಿಗಳು ಎಂದು ಹುಟ್ಟಿದಂದಿನಿಂದ ಕೇಳಿ ಬೆಳೆದವರು. ಆ ಮಕ್ಕಳಲ್ಲಿ ಕವಚದೈತ್ಯನ ಶಕ್ತಿಯನ್ನು ಪಡೆದವನು ರೈನರ್ ಬ್ರೌನ್.

ಕೋಟೆಯನ್ನೊಡೆದ ಮೇಲೆ ರೈನರನು ಮನೆಮಠ ಕಳೆದುಕೊಂಡ ನಿರಾಶ್ರಿತನಂತೆ ಒಳಸೇರಿ, ಎರೆನನೊಡನೆ ಒಂದೇ ಪಡೆಯಲ್ಲಿ ಶಿಕ್ಷಣ ಪಡೆದು, ಒಂದೇ ಪಂಕ್ತಿಯಲ್ಲಿ ಉಂಡು, ಎಲ್ಲರಿಂದಲೂ ಹಿರಿಯಣ್ಣನೆನಿಸಿಕೊಂಡವನು. 2017ರಲ್ಲಿ ಪ್ರಸಾರವಾದ ಎರಡನೆಯ ಭಾಗದಲ್ಲಿ, ಕೋಟೆಯ ಮೇಲೆ ನಿಂತು, ತಾನೇ ಆ ಕವಚದೈತ್ಯನೆಂಬುದನ್ನು ಮಳೆಬೆಳೆಯ ಮಾತನಾಡುವವನಂತೆ ಎರೆನನಿಗೆ ಹೇಳಿಬಿಡುವನು. ಅವನ ಚಿತ್ತವು ಎರಡಾಗಿ ಸೀಳಿತ್ತೆಂಬುದು ಆಗ ತಿಳಿಯುವುದು. ದ್ವೀಪವನ್ನು ಕಾಯುವ ಸೈನಿಕನೊಬ್ಬ, ದ್ವೀಪವನ್ನು ಕೆಡಿಸಲು ಬಂದ ಯೋಧನೊಬ್ಬ: ಇಬ್ಬರೂ ಅವನೇ, ಒಬ್ಬನು ಎಚ್ಚತ್ತಾಗ ಇನ್ನೊಬ್ಬನು ಮಲಗಿರುವನು. ಮಿತ್ರದ್ರೋಹದ ಕಥೆಗಳು ಎಲ್ಲ ಭಾಷೆಗಳಲ್ಲಿಯೂ ಬೇಕಾದಷ್ಟಿವೆ. ದ್ರೋಹಿಯು ತಾನು ದ್ರೋಹಿಯೆಂಬುದನ್ನೇ ಮರೆಯುವಷ್ಟು ಮಿತ್ರರನ್ನು ಪ್ರೀತಿಸಿದನೆಂಬ ಕಥೆ ಅಪರೂಪ. ಅನಂತರ ನಡೆದುದು ಯುದ್ಧ, ಸಂಗಡಿಗರ ಮರಣ, ಊರಿಗೆ ಪಲಾಯನ. ನಾಲ್ಕು ವರ್ಷಗಳು ಕಳೆಯುವುವು. ಪ್ರಕೃತ ಸಂಚಿಕೆಗೆ ಸ್ವಲ್ಪ ಮುಂಚೆ, ಕೋಣೆಯಲ್ಲಿ ಒಬ್ಬನೇ ಕುಳಿತು, ಬಂದೂಕಿನ ತುದಿಯನ್ನು ಬಾಯಲ್ಲಿಟ್ಟುಕೊಂಡ ರೈನರನು, ಹೊರಗೆ ಫಾಲ್ಕೊ ಎಂಬ ಹುಡುಗನು ಹತಾಶೆಯಿಂದ ಗೋಡೆಯನ್ನು ಗುದ್ದಿದ ಸದ್ದನ್ನು ಕೇಳಿ ಕೈತಡೆಯುವನು. ಆ ಸದ್ದನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಇಂತಹ ಕೃತಿಗಳ ಹೆಸರೆತ್ತಿದೊಡನೆಯೇ ಇವು ಮಕ್ಕಳ ಗೊಂಬೆಚಿತ್ರಗಳು, ಅದರಲ್ಲಿಯೂ ರಕ್ತಮಾಂಸಗಳ ಕೆಸರು, ಇವುಗಳಲ್ಲಿ ವಿಮರ್ಶೆಗೆ ಏನಿದೆ ಎಂದು ಮುಖ ತಿರುಗಿಸುವ ವಿದ್ವಾಂಸರಿರುವರು. ಭರತನು ಬೀಭತ್ಸವನ್ನೂ ಭಯಾನಕವನ್ನೂ ಎಂಟು ರಸಗಳ ಪಂಕ್ತಿಯಲ್ಲಿಯೇ ಕೂರಿಸಿದನೆಂಬ ಒಂದು ಮಾತು ಅವರಿಗೆ ಸಾಕು. ಜುಗುಪ್ಸೆಗಾಗಿಯೇ ಜುಗುಪ್ಸೆಯನ್ನು ಬೆಳೆಸಿದ ಭಾಗಗಳು ಈ ಕೃತಿಯ ಬೇರೆ ಸಂಚಿಕೆಗಳಲ್ಲಿ ಇಲ್ಲದಿಲ್ಲ. ಪ್ರಕೃತ ಸಂಚಿಕೆಯಲ್ಲಿ, ಕೊನೆಯ ಕೆಲವು ಕ್ಷಣಗಳನ್ನು ಬಿಟ್ಟರೆ, ಒಂದು ತೊಟ್ಟು ರಕ್ತವೂ ಹೆಚ್ಚಾಗಿ ಕಾಣಿಸದು. ಇಬ್ಬರು ಎದುರುಬದುರಾಗಿ ಕುಳಿತು ಮಾತನಾಡುವರು, ಮೂರನೆಯವನೊಬ್ಬನು ಕೇಳುವನು, ಅಷ್ಟೇ.

ಸ್ಥಳವು ಮಾರ್ಲೆಯ ಲಿಬೇರಿಯೊ ಎಂಬಲ್ಲಿಯ ಎಲ್ಡಿಯರ ಕೇರಿ. ಉತ್ಸವದ ರಾತ್ರಿ. ರಂಗಸ್ಥಳವನ್ನು ಕಟ್ಟಿ ದೀಪಗಳನ್ನು ಹಚ್ಚಿರುವರು. ದೇಶವಿದೇಶಗಳ ರಾಯಭಾರಿಗಳೂ ಸೇನಾಧಿಕಾರಿಗಳೂ ಪತ್ರಿಕೆಯವರೂ ನೆರೆದಿರುವರು. ರಂಗಸ್ಥಳದ ಹಿಂದಿನ ಮನೆಯೊಂದರ ನೆಲಮಾಳಿಗೆಯಲ್ಲಿ, ಒಂದು ಕಾಲನ್ನು ತಾನೇ ಕಡಿದುಕೊಂಡು, ಯುದ್ಧದಲ್ಲಿ ಗಾಯಗೊಂಡ ಸೈನಿಕನ ವೇಷದಲ್ಲಿ ಎರೆನನು ಕುಳಿತಿರುವನು. ಕ್ರೂಗರ್ ಎಂಬ ಸುಳ್ಳು ಹೆಸರಿನಿಂದ ಚಿಕಿತ್ಸಾಲಯದಲ್ಲಿದ್ದುಕೊಂಡು ಅವನು ಫಾಲ್ಕೊವಿನ ಸ್ನೇಹವನ್ನು ಸಂಪಾದಿಸಿದ್ದನು. ತನ್ನ ಗುಪ್ತಪತ್ರಗಳನ್ನು ಆ ಹುಡುಗನ ಕೈಯಿಂದಲೇ ಅಂಚೆಗೆ ಹಾಕಿಸಿದ್ದನು. ಈಗ ಅದೇ ಹುಡುಗನು ಏನೂ ಅರಿಯದೆ ರೈನರನನ್ನು ಕೈಹಿಡಿದು ಕರೆತಂದಿರುವನು. ದೈತ್ಯರೂಪವನ್ನು ತಾಳಲು ಬೇಕಾದ ಗಾಯವು ಎರೆನನ ಅಂಗೈಯಲ್ಲಿ ಆಗಲೇ ಇದೆ. ಮೇಲಿನ ಮನೆಯ ತುಂಬ ಜನ. ರೈನರನು ಅಲುಗಾಡುವಂತಿಲ್ಲ.

ಇಷ್ಟು ಸಿದ್ಧತೆಯಾದ ಮೇಲೆ ನೋಡುವವನು ನಿರೀಕ್ಷಿಸುವುದು ರೌದ್ರವನ್ನು. ತಾಯಿಯನ್ನು ಕಳೆದುಕೊಂಡವನು ಎದುರಿಗೆ, ಕಳೆದವನು ಇದಿರಿಗೆ. ಹಿಂದೊಮ್ಮೆ ಇದೇ ಎರೆನನು ಇದೇ ರೈನರನಿಗೆ, ಅತಿಕ್ರೂರವಾದ ಮರಣವನ್ನು ತಂದೇ ತೀರುವೆನೆಂದು ಹಲ್ಲುಕಚ್ಚಿ ಕೂಗಿದ್ದನು. ಆ ಮಾತನ್ನು ರೈನರನೇ ನೆನಪುಮಾಡಿಕೊಡುವನು. ಅದಕ್ಕಾಗಿಯೇ ಬಂದೆಯಲ್ಲವೇ ಎಂದು ಕೇಳುವನು. ಎರೆನನು ಹಾಗೆ ಹೇಳಿದ್ದೆನೇ ಎಂಬಂತೆ ಒಂದು ಕ್ಷಣ ಯೋಚಿಸಿ, ಅದನ್ನು ಮರೆತುಬಿಡು ಎನ್ನುವನು. ಸ್ಥಾಯಿಯಾಗಿದ್ದ ಕ್ರೋಧವು ಎಲ್ಲಿಗೆ ಹೋಯಿತು? ಕಾಜಿ ಯೂಕಿ ಎಂಬ ನಟನು ಎರೆನನ ಧ್ವನಿಯನ್ನು ಇಲ್ಲಿ ಎಷ್ಟು ತಗ್ಗಿಸಿರುವನೆಂದರೆ, ಮೊದಲ ಭಾಗದಲ್ಲಿ ಗಂಟಲು ಬಿರಿಯುವಂತೆ ಅರಚುತ್ತಿದ್ದ ಹುಡುಗನು ಇವನೇ ಎಂದು ನಂಬುವುದು ಕಷ್ಟ. ಕೂಗಾಟಕ್ಕಿಂತ ಈ ಶಾಂತಿಯೇ ಹೆಚ್ಚು ಭಯವನ್ನುಂಟುಮಾಡುವುದು.

ಪ್ರಶ್ನೆಗಳು ಸಣ್ಣವು. ಆ ದಿನ ತನ್ನ ತಾಯಿಯನ್ನು ದೈತ್ಯನು ತಿಂದುದೇಕೆ? ತಾವು ಕೋಟೆಯ ಬಾಗಿಲನ್ನು ಒಡೆದುದರಿಂದ. ಒಡೆದುದೇಕೆ? ಒಳಗೆ ಗಲಭೆಯೆಬ್ಬಿಸಿ ದ್ವೀಪದ ಅರಸನು ಏನುಮಾಡುವನೆಂಬುದನ್ನು ಕಾಣುವುದಕ್ಕೆ. ಒಟ್ಟು ಕಾರ್ಯದ ಉದ್ದೇಶವೇನು? ಲೋಕವನ್ನು ಕಾಪಾಡುವುದು. ರೈನರನ ಉತ್ತರಗಳಲ್ಲಿ ಸುಳ್ಳಿಲ್ಲ. ಆದರೆ ಅವು ಸರ್ಕಾರಿ ಕಾಗದದ ಮೇಲೆ ಬರೆದಿಟ್ಟ ಉತ್ತರಗಳು. ಆಗ ಎರೆನನು ತರ್ಕವನ್ನು ಮುಂದುವರಿಸುವುದಿಲ್ಲ. ಲೋಕವನ್ನು ಕಾಪಾಡುವುದಕ್ಕಾದರೆ ಬೇರೆ ದಾರಿಯಿರಲಿಲ್ಲ ಎಂದು ಒಪ್ಪಿಬಿಡುವನು. ತಾನೂ ಸಮುದ್ರವನ್ನು ದಾಟಿ ಬಂದು ಶತ್ರುಗಳೆಂದುಕೊಂಡವರೊಡನೆ ಒಂದೇ ಸೂರಿನಡಿಯಲ್ಲಿದ್ದು ಅವರ ಅನ್ನವನ್ನು ಉಂಡುದನ್ನೂ, ಇಲ್ಲಿಯೂ ಕೆಟ್ಟವರಿರುವಂತೆ ಒಳ್ಳೆಯವರಿರುವುದನ್ನು ಕಂಡುದನ್ನೂ ಹೇಳುವನು. ನೀವು ಆಗ ಮಕ್ಕಳು, ಹಿರಿಯರು ತಲೆಯಲ್ಲಿ ತುಂಬಿದುದನ್ನು ನಂಬಿದವರು, ಮಕ್ಕಳ ಕೈಯಲ್ಲಿ ಏನಾದೀತು, ನೀನು ಇಷ್ಟುಕಾಲ ಬಹಳ ನೊಂದಿರಬೇಕು ಎನ್ನುವನು.

ಈ ಸಂಚಿಕೆಯ ಪ್ರಾಣವಿರುವುದು ಇಲ್ಲಿಯೇ. ಅಪವಾದವನ್ನು ಸಹಿಸಿಕೊಂಡು ಕುಳಿತಿದ್ದವನು ಸಮಾಧಾನದ ಮಾತನ್ನು ಸಹಿಸಲಾರದೆ ಹೋಗುವನು. ರೈನರನು ಕುರ್ಚಿಯಿಂದ ಜಾರಿ ನೆಲಕ್ಕೆ ಮೊಣಕಾಲೂರಿ, ಅಲ್ಲ, ಹಾಗಲ್ಲ ಎಂದು ಕೂಗುವನು. ದ್ವೀಪಕ್ಕೆ ಕಾಲಿಟ್ಟ ದಿನವೇ ಅವರ ಮುಂದಾಳಾದ ಮಾರ್ಸೆಲನು ದೈತ್ಯನ ಬಾಯಿಗೆ ಬಿದ್ದಾಗ, ಆನಿಯೂ ಬರ್ಟೋಲ್ಟನೂ ಹಿಂದಿರುಗೋಣವೆಂದಿದ್ದರು. ಅವರನ್ನು ಬಲವಂತಮಾಡಿ ಕೋಟೆಯೆಡೆಗೆ ನಡೆಸಿದವನು ತಾನು. ಆಜ್ಞೆಗಾಗಿಯಲ್ಲ, ಲೋಕರಕ್ಷಣೆಗಾಗಿಯೂ ಅಲ್ಲ. ವೀರನೆನಿಸಿಕೊಳ್ಳಬೇಕೆಂಬ, ನಾಲ್ಕು ಜನರ ಬಾಯಲ್ಲಿ ಹೊಗಳಿಸಿಕೊಳ್ಳಬೇಕೆಂಬ ತನ್ನ ಆಸೆಗಾಗಿ. ಎರೆನನ ತಾಯಿ ಸತ್ತುದು ತನ್ನಿಂದ. ಇನ್ನು ಬದುಕಲಾರೆ ಎಂದು ಅವನು ಬೇಡಿಕೊಳ್ಳುವನು.

ಮಾಡಿದುದನ್ನು ಒಪ್ಪಿಕೊಳ್ಳುವುದು ಒಂದು. ಮಾಡಿದುದಕ್ಕೆ ಇತರರು ಒದಗಿಸುವ ನೆವವನ್ನು ಬೇಡವೆನ್ನುವುದು ಇನ್ನೊಂದು. ಮೊದಲನೆಯದನ್ನು ರೈನರನು 2017ರ ಸಂಚಿಕೆಯಲ್ಲಿಯೇ ಮಾಡಿದ್ದನು. ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ಎರಡನೆಯದನ್ನು ಮಾಡಲು ನೆಲಮಾಳಿಗೆಯ ಕತ್ತಲು ಬೇಕಾಯಿತು. ಕಾಲ, ದೇಶ, ಶಿಕ್ಷಣ, ಬಾಲ್ಯ ಇವೆಲ್ಲವೂ ಅವನ ಪರವಾಗಿ ಸಾಕ್ಷಿ ಹೇಳಲು ಸಿದ್ಧವಾಗಿದ್ದುವು. ಎದುರು ಪಕ್ಷದವನೇ ಅವನ ವಕೀಲನಾಗಿ ನಿಂತಿದ್ದನು. ಅವೆಲ್ಲವನ್ನೂ ತಳ್ಳಿ, ಸಣ್ಣದೂ ನಾಚಿಕೆಗೇಡಿನದೂ ಆದ ತನ್ನ ಆಸೆಯೊಂದನ್ನು ಮಾತ್ರ ಅವನು ಹೊರಗಿಟ್ಟನು. ಈ ಮಾತುಗಳನ್ನಾಡುವ ಹೊಸೊಯಾ ಯೋಷಿಮಾಸಾ ಎಂಬ ನಟನ ಕಂಠದಲ್ಲಿ ಅಳುವಿಗಿಂತ ಹೆಚ್ಚಾಗಿ ಕೇಳಿಬರುವುದು ಬಿಡುಗಡೆ. ಮುಳ್ಳು ಹೊರಬಂದಾಗಿನ ನೋವು.

ಇದೇ ಕಾಲದಲ್ಲಿ ಮೇಲೆ, ದೀಪಗಳ ನಡುವೆ, ಇನ್ನೊಂದು ಖ್ಯಾಪನವು ನಡೆಯುತ್ತಿದೆ. ನಿರ್ದೇಶಕ ಹಯಾಶಿ ಯೂಇಚಿರೊ ದೃಶ್ಯವನ್ನು ಮೇಲಕ್ಕೂ ಕೆಳಕ್ಕೂ ಹೊರಳಿಸುತ್ತ ಇವೆರಡನ್ನೂ ಒಂದೇ ಹೊಸೆಯಲ್ಲಿ ಹೆಣೆದಿರುವನು. ವಿಲ್ಲಿ ಟೈಬರ್ ಎಂಬ ಪ್ರಭುವು ರಂಗದ ಮೇಲೆ ನಿಂತು, ನೂರು ವರ್ಷಗಳಿಂದ ತನ್ನ ವಂಶಕ್ಕೆ ಕೀರ್ತಿಯನ್ನು ತಂದ ಕಥೆಯೇ ಸುಳ್ಳೆಂದು ಲೋಕದ ಮುಂದೆ ಹೇಳುವನು. ದುಷ್ಟವಾದ ಎಲ್ಡಿಯ ಸಾಮ್ರಾಜ್ಯವನ್ನು ಹೆಲೋಸನೆಂಬ ವೀರನೊಡನೆ ಸೇರಿ ಕೆಡವಿದವರು ಟೈಬರರು ಎಂಬುದು ಆ ಕಥೆ. ನಡೆದುದು ಬೇರೆ: ತನ್ನ ಕುಲದ ಕ್ರೌರ್ಯವನ್ನು ಕಂಡು ನೊಂದ ಎಲ್ಡಿಯದ ಅರಸ ಕಾರ್ಲ್ ಫ್ರಿಟ್ಸನೇ ಟೈಬರರೊಡನೆ ಗುಟ್ಟಾಗಿ ಕೂಡಿ ತನ್ನ ರಾಜ್ಯವನ್ನು ಮುಳುಗಿಸಿ, ದ್ವೀಪಕ್ಕೆ ಹೋಗಿ ಕೋಟೆಯೊಳಗೆ ಸೇರಿಕೊಂಡನು. ಇದನ್ನು ಹೇಳಿದುದರಿಂದ ವಿಲ್ಲಿಯ ವಂಶದ ಮಾನವು ಮಣ್ಣುಪಾಲಾಯಿತು. ಅವನು ಹೇಳಿದುದು ಸತ್ಯ. ಹೇಳಿದುದರಿಂದ ಅವನಿಗೆ ನಷ್ಟವಾಯಿತು. ಹೇಳುವಾಗ ಅವನು ನಡುಗಿದನು. ಖ್ಯಾಪನಕ್ಕೆ ಬೇಕಾದ ಲಕ್ಷಣಗಳೆಲ್ಲ ಇವೆ. ಆದರೂ ಅದು ಖ್ಯಾಪನವಲ್ಲ. ಆ ಸತ್ಯವನ್ನು ಅವನು ಹೊರತೆಗೆದುದು ದ್ವೀಪದ ಮೇಲೆ ಲೋಕವನ್ನೆಲ್ಲ ಎತ್ತಿಕಟ್ಟುವುದಕ್ಕೆ. ತನ್ನ ಮಾತನ್ನು ನಂಬಿಸಬೇಕಾದರೆ ತನ್ನನ್ನು ಮೊದಲು ಹಳಿದುಕೊಳ್ಳಬೇಕೆಂಬುದು ಅವನಿಗೆ ಗೊತ್ತು. ಸಭೆಗಳಲ್ಲಿ ತಮ್ಮ ತಪ್ಪನ್ನು ಮೊದಲು ಒಪ್ಪಿಕೊಂಡು ಅನಂತರ ಇತರರ ತಲೆಯನ್ನು ಕೇಳುವ ಭಾಷಣಕಾರರನ್ನು ಕಂಡವರಿಗೆ ವಿಲ್ಲಿಯ ಪರಿಚಯವು ಹೊಸದಲ್ಲ. ಆದರೆ ಅವನನ್ನು ಕೇವಲ ಕಪಟಿಯೆಂದು ತಳ್ಳಿಹಾಕುವಂತೆಯೂ ಇಲ್ಲ: ಆ ರಾತ್ರಿ ತನ್ನ ಪ್ರಾಣಕ್ಕೆ ಅಪಾಯವಿದೆಯೆಂದು ಬಲ್ಲವನಾಗಿಯೇ ರಂಗವನ್ನೇರಿದವನು ಅವನು.

ಕಾರ್ಲ್ ಅರಸನ ಅನುತಾಪವೂ ಯೋಚಿಸತಕ್ಕದ್ದೇ. ಅವನು ನೊಂದುದು ನಿಜ. ನೊಂದು ಮಾಡಿದುದೇನೆಂದರೆ, ಯುದ್ಧವನ್ನು ಮಾಡೆನೆಂದು ತನ್ನ ವಂಶವನ್ನೆಲ್ಲ ವ್ರತದಿಂದ ಕಟ್ಟಿ, ಪ್ರಜೆಗಳ ನೆನಪನ್ನು ಅಳಿಸಿ, ಹೊರಗುಳಿದ ತನ್ನ ಕುಲದವರನ್ನು ಮಾರ್ಲೆಯವರ ಕೈಗೆ ಬಿಟ್ಟುದು. ಪಾಪದ ಭಾರವನ್ನು ಅವನು ಹೊತ್ತನೆಂದು ಹೇಳುವುದಕ್ಕಿಂತ, ಹುಟ್ಟದಿದ್ದ ಮಕ್ಕಳ ಹೆಗಲಿಗೆ ವರ್ಗಾಯಿಸಿದನೆಂದು ಹೇಳುವುದು ಸರಿ. ರೈನರನ ತೋಳಿನ ಪಟ್ಟಿಯೂ ಎರೆನನ ತಾಯಿಯ ಮರಣವೂ ಆ ಪುಣ್ಯಾತ್ಮನ ಪಶ್ಚಾತ್ತಾಪದ ಫಲಗಳೇ.

ಈಗ ಎರೆನನ ಕಡೆಗೆ. ಮಹಾಭಾರತದ ಸೌಪ್ತಿಕ ಪರ್ವವನ್ನು ಓದಿದವರಿಗೆ ಈ ನೆಲಮಾಳಿಗೆಯಲ್ಲಿ ಅಶ್ವತ್ಥಾಮನ ನೆನಪು ಬಾರದಿರದು. ಮೋಸದಿಂದ ತಂದೆಯನ್ನು ಕಳೆದುಕೊಂಡ ಅವನು ರಾತ್ರಿ ಆಲದ ಮರದ ಕೆಳಗೆ ನಿದ್ರೆಯಿಲ್ಲದೆ ಕುಳಿತಿರುವಾಗ, ಗೂಬೆಯೊಂದು ಬಂದು ಮಲಗಿದ್ದ ಕಾಗೆಗಳನ್ನು ಕೊಲ್ಲುವುದನ್ನು ಕಂಡು, ಮಾಡಬೇಕಾದುದೇನೆಂಬುದನ್ನು ಆ ಗೂಬೆಯಿಂದ ಕಲಿಯುವನು. ಎರೆನನಿಗೆ ರೈನರನೇ ಆ ಗೂಬೆ. ಶತ್ರುವಿನ ಊರಿಗೆ ವೇಷ ಮರೆಸಿ ಹೋಗುವುದು, ಅವರ ಅನ್ನವನ್ನು ಉಣ್ಣುವುದು, ಅವರ ಮಕ್ಕಳ ಸ್ನೇಹವನ್ನು ಗಳಿಸುವುದು, ಅನಂತರ ಅವರು ಮೈಮರೆತಿರುವ ಗಳಿಗೆಯಲ್ಲಿ ದೈತ್ಯನಾಗಿ ಏಳುವುದು: ಈ ವಿದ್ಯೆಯೆಲ್ಲವೂ ರೈನರನಿಂದ ಬಂದುದು. ವ್ಯತ್ಯಾಸವಿರುವುದು ಒಂದೇ. ವ್ಯಾಸರ ಗೂಬೆಯು ಮಾತನಾಡಲಿಲ್ಲ. ಇಲ್ಲಿ ಆ ಗೂಬೆಯೇ ಎದುರಿಗೆ ಕುಳಿತು, ಮಾಡಿದುದು ಕೆಟ್ಟುದು, ಮಾಡಿದ ಮೇಲೆ ಬದುಕಲಾಗುತ್ತಿಲ್ಲ ಎಂದು ಅಳುತ್ತಿರುವುದು. ಶಿಷ್ಯನು ಆ ಅಳುವನ್ನು ಕೇಳಿಯೂ ಪಾಠವನ್ನು ಮಾತ್ರ ತೆಗೆದುಕೊಳ್ಳುವನು.

ಅಶ್ವತ್ಥಾಮನಿಗೆ ಕೃಪನಿದ್ದನು. ಮಲಗಿದವರನ್ನು ಕೊಲ್ಲಬಾರದು, ಬೆಳಗಾಗಲಿ, ಧೃತರಾಷ್ಟ್ರ ಗಾಂಧಾರಿ ವಿದುರರನ್ನು ಕೇಳೋಣ ಎಂದು ಅವನು ತಡೆದುನೋಡಿದನು. ಈ ನೆಲಮಾಳಿಗೆಯಲ್ಲಿ ಕೃಪನ ಸ್ಥಾನವು ಬರಿದಾಗಿದೆ. ಬೇಡವೆಂದು ಹೇಳುವ ಅಧಿಕಾರವು ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ಅದೇ ಕೃತ್ಯವನ್ನು ಮಾಡಿ ಸುಟ್ಟುಕೊಂಡ ರೈನರನಿಗೆ. ಅವನೋ ತನ್ನ ಸಾವನ್ನು ಬೇಡುವುದರಲ್ಲಿ ಮುಳುಗಿರುವನು. ಮೇಲಿನ ಮನೆಯವರನ್ನು ಬಿಟ್ಟುಬಿಡು ಎಂಬ ಮಾತು ಅವನ ಬಾಯಲ್ಲಿ ಬಾರದು. ಅನುತಾಪದಲ್ಲಿಯೂ ಇಂತಹ ಸ್ವಾರ್ಥವಿರುವುದೆಂಬುದನ್ನು ಕವಿಯು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ, ಹೇಳದಿರುವುದೇ ಮೇಲಾಯಿತು.

ಇನ್ನು ಎರೆನನು ಕೊಡುವ ಉತ್ತರ. ಅವನು ಎದ್ದು ಬಂದು ಕೈನೀಡಿ ರೈನರನನ್ನು ಎಬ್ಬಿಸುವನು. ನಾನೂ ನೀನೂ ಒಂದೇ ಎನ್ನುವನು. ನೋಡುವವರಲ್ಲಿ ಹಲವರು ಇದನ್ನು ಕ್ಷಮೆಯೆಂದು ಎಣಿಸಿರುವರು. ಆ ಕೈಯನ್ನು ಸ್ವಲ್ಪ ಗಮನಿಸಿ ನೋಡಬೇಕು: ದೈತ್ಯನಾಗಲು ಸೀಳಿಕೊಂಡ ಗಾಯವಿರುವುದು ಆ ಅಂಗೈಯಲ್ಲಿಯೇ. ಕ್ಷಮಿಸುವವನು ಪಾಪಿಗಿಂತ ಹೊರಗೆ, ಅಥವಾ ಮೇಲೆ, ನಿಂತಿರಬೇಕು. ಕೊನೆಯಪಕ್ಷ ಆ ಪಾಪದಿಂದ ನೊಂದವನಾಗಿರಬೇಕು. ಎರೆನನಿಗೆ ನೊಂದವನ ಅಧಿಕಾರವು ನಿಜವಾಗಿಯೂ ಇತ್ತು. ‘ಒಂದೇ’ ಎಂಬ ಮಾತಿನಿಂದ ಅವನು ಅದನ್ನು ಬಿಟ್ಟುಕೊಟ್ಟು, ರೈನರನ ಪಕ್ಕದಲ್ಲಿ ಬಂದು ನಿಂತನು. ತನಗೆ ಇನ್ನೊಂದು ಗಳಿಗೆಯಲ್ಲಿ ಬೇಕಾಗುವ ಕ್ಷಮೆಯನ್ನು ಮುಂಗಡವಾಗಿ ರೈನರನಿಗೆ ಕೊಟ್ಟಂತಾಯಿತು. ರೈನರನಿಗೆ ಶಿಕ್ಷೆಯೂ ದೊರೆಯಲಿಲ್ಲ, ಕ್ಷಮೆಯೂ ದೊರೆಯಲಿಲ್ಲ, ದೊರೆತುದು ಜೊತೆಗಾರ.

ಈ ‘ಒಂದೇ’ ಎಂಬ ಮಾತು ಸತ್ಯವೂ ಅಲ್ಲ. ರೈನರನು ಕೋಟೆಯನ್ನು ಒಡೆದಾಗ ಒಳಗಿರುವವರು ಪಿಶಾಚಿಗಳೆಂದು ನಂಬಿದ್ದ ಬಾಲಕ. ಅವರು ಮನುಷ್ಯರೆಂಬುದನ್ನು ಅವನು ತಿಳಿದುದು ಒಡೆದ ಮೇಲೆ. ಎರೆನನು ಹತ್ತೊಂಬತ್ತರ ಯುವಕ. ಮೇಲಿರುವವರು ಮನುಷ್ಯರೆಂಬುದನ್ನು ಮೊದಲೇ ತಿಳಿದು, ತಿಳಿದಿರುವೆನೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಏಳುವವನು. ಅಜ್ಞಾನದಿಂದಾದುದಕ್ಕೂ ತಿಳಿದು ಮಾಡಿದುದಕ್ಕೂ ಪ್ರಾಯಶ್ಚಿತ್ತವನ್ನು ಬೇರೆಬೇರೆಯಾಗಿ ವಿಧಿಸಿದ ಶಾಸ್ತ್ರಕಾರರು ಈ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ಎಂದೂ ತೂಗುತ್ತಿರಲಿಲ್ಲ. ಸಂಚಿಕೆಯು ಎರೆನನ ಮಾತನ್ನು ಎರೆನನ ಮಾತನ್ನಾಗಿಯೇ ಉಳಿಸಿದೆ, ತಾನು ಅದನ್ನು ಅನುಮೋದಿಸಿಲ್ಲ ಎಂಬುದಕ್ಕೆ ಸಾಕ್ಷಿ ಬಾಗಿಲ ಬಳಿ ನಿಂತಿರುವ ಫಾಲ್ಕೊ. ಹೊರಗೆ ಹೋಗಬೇಡ, ಕೇಳುತ್ತಿರು ಎಂದು ಅವನನ್ನು ತಡೆದವನು ಎರೆನನೇ. ತಾನು ಸ್ನೇಹಿತನೆಂದು ನಂಬಿದವನು ತನ್ನನ್ನು ಉಪಯೋಗಿಸಿಕೊಂಡನೆಂಬುದು ಆ ಹುಡುಗನಿಗೆ ಅರಿವಾಗುವ ಕ್ಷಣದಲ್ಲಿ, ರೈನರನು ಎರೆನನಿಗೆ ಮಾಡಿದ ದ್ರೋಹವೆಲ್ಲವೂ ಎರೆನನಿಂದ ಫಾಲ್ಕೊವಿಗೆ ದಾಟಿಬಿಟ್ಟಿತು.

ದೋಷಗಳೂ ಇವೆ. ವಿಲ್ಲಿಯ ಭಾಷಣವು ಉದ್ದವಾಯಿತು. ನೂರು ವರ್ಷಗಳ ಇತಿಹಾಸವನ್ನು ಒಂದೇ ಉಸಿರಿನಲ್ಲಿ ಉಣಿಸಹೋಗಿ, ಮೊದಲ ಸಲ ನೋಡುವವನಿಗೆ ಹೆಸರುಗಳೇ ತಲೆಯಲ್ಲಿ ನಿಲ್ಲುವುದಿಲ್ಲ. ಮೂಲದ ಚಿತ್ರಕಥೆಯಲ್ಲಿ ಇದೇ ವಸ್ತುವು 99, 100ನೆಯ ಎರಡು ಅಧ್ಯಾಯಗಳಲ್ಲಿ ಹರಡಿದೆ; ಓದುವವನು ಬೇಕಾದಲ್ಲಿ ನಿಂತು ಹಿಂದಿನ ಪುಟವನ್ನು ತಿರುವಿ ನೋಡಬಹುದು. ಚಲಿಸುವ ಚಿತ್ರದಲ್ಲಿ ಆ ಸೌಕರ್ಯವಿಲ್ಲ. ಹಿನ್ನೆಲೆಯ ಸಂಗೀತವು ಕೊನೆಯಲ್ಲಿ ಉಬ್ಬಿ, ರಂಗದ ಜನರ ಜಯಘೋಷದೊಡನೆ ಸೇರಿ, ನೋಡುವವನ ರಕ್ತವನ್ನೂ ಕುದಿಸುವುದು. ಮೇಲಿನ ಮನೆಯವರು ಸಾಯುವ ಕ್ಷಣದಲ್ಲಿ ಸಹೃದಯನಿಗೆ ಉತ್ಸಾಹವೇಕೆ ಬರಬೇಕು? ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದವರು ಇಲ್ಲಿ ಹುಬ್ಬುಗಂಟಿಕ್ಕುವರು. ವಿಲ್ಲಿಯು ಯುದ್ಧವನ್ನು ಸಾರುವ ಮಾತು ಬಾಯಿಂದ ಬಿದ್ದೊಡನೆ ನೆಲವೊಡೆದು ಎದ್ದ ದೈತ್ಯನು ಮನೆಯನ್ನು ಸೀಳಿಕೊಂಡು ಬಂದು ಅವನನ್ನು ಕೊಲ್ಲುವನು. ಸಂಚಿಕೆಯು ಅಲ್ಲಿಗೆ ಮುಗಿಯುವುದು.

ಇದಕ್ಕಿಂತ ದೊಡ್ಡ ದೋಷವು ಈ ಸಂಚಿಕೆಯದಲ್ಲ, ಕೃತಿಯ ಮುಕ್ತಾಯದ್ದು. ಎಂದೋ ನಡೆದುಹೋದ ಆ ದಿನ ದೈತ್ಯವನ್ನು ತನ್ನ ತಾಯಿಯಿದ್ದ ಕಡೆಗೆ ತಿರುಗಿಸಿದವನು, ಕಾಲವನ್ನು ಮೀರಿದ ಶಕ್ತಿಯನ್ನು ಪಡೆದ ಎರೆನನೇ ಎಂದು ಕೊನೆಯಲ್ಲಿ ತಿಳಿಯುವುದು. ಕಥೆಯ ತಿರುವಾಗಿ ಇದು ಜಾಣತನವಿರಬಹುದು. ಆದರೆ ನಿನ್ನ ತಾಯಿ ಸತ್ತುದು ನನ್ನಿಂದ ಎಂದು ರೈನರನು ಹೊಟ್ಟೆಯೊಳಗಿನಿಂದ ಕಿತ್ತು ಹೇಳಿದ ಮಾತಿನ ತೂಕವನ್ನು ಅದು ತಗ್ಗಿಸುವುದು. ಅಪರಾಧವನ್ನು ವಿಧಿಯ ಚಕ್ರಕ್ಕೆ ಸೇರಿಸಿದೊಡನೆ, ನೆಲಮಾಳಿಗೆಯಲ್ಲಿ ರೈನರನು ಬೇಡವೆಂದ ನೆವವನ್ನು ಕವಿಯೇ ಹಿಂಬಾಗಿಲಿನಿಂದ ತಂದುಕೊಟ್ಟಂತಾಗುವುದು. ಇನ್ನೊಂದೆಡೆ ಅನಿಮೆಯು ಮೂಲವನ್ನು ತಿದ್ದಿರುವುದು ಮೆಚ್ಚತಕ್ಕ ಸಂಗತಿ. ಎರೆನನು ಲೋಕದ ನೂರಕ್ಕೆ ಎಂಬತ್ತು ಜನರನ್ನು ಕೊಂದ ಮೇಲೆ ಅವನ ಗೆಳೆಯ ಆರ್ಮಿನನು ಮೂಲದಲ್ಲಿ ಕೃತಜ್ಞತೆಯಂತೆ ಕೇಳಿಸುವ ಮಾತನ್ನಾಡಿ ಓದುಗರಿಂದ ಬಹಳ ನಿಂದೆಗೊಳಗಾಗಿದ್ದನು. 2023ರ ಚಿತ್ರದಲ್ಲಿ ಅವನು ಆ ಪಾಪದಲ್ಲಿ ತನ್ನ ಪಾಲನ್ನು ಒಪ್ಪಿಕೊಂಡು, ನರಕದಲ್ಲಿ ಜೊತೆಯಾಗಿರುವೆನೆಂದು ಹೇಳುವನು.

ಎರೆನನೂ ಒಮ್ಮೆ ಖ್ಯಾಪನಮಾಡಿಕೊಳ್ಳುವನು. ಅದು ತೋರಿಬರುವುದು 2023ರ ಮಾರ್ಚಿಯಲ್ಲಿ ಪ್ರಸಾರವಾದ ಭಾಗದಲ್ಲಿ. ರಾಮ್ಜಿ ಎಂಬ ನಿರಾಶ್ರಿತ ಹುಡುಗನ ಮುಂದೆ ಅವನು ಮೊಣಕಾಲೂರಿ, ಮುಂದೆ ತಾನು ಮಾಡಲಿರುವ ಸಂಹಾರಕ್ಕಾಗಿ ಅತ್ತು ಕ್ಷಮೆಯನ್ನು ಬೇಡುವನು. ಆ ಹುಡುಗನಿಗೆ ಅವನ ಭಾಷೆ ತಿಳಿಯದು. ಕೇಳುವವನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದ್ದರೆ ಆ ಹುಡುಗನು ಬೇಡವೆನ್ನುತ್ತಿದ್ದನು.

ರೈನರನ ಗತಿಯೇನಾಯಿತು? ಎರೆನನು ದೈತ್ಯನಾಗಿ ಸಿಡಿದ ಕ್ಷಣದಲ್ಲಿ, ಸಾಯಬೇಕೆಂದು ಬೇಡುತ್ತಿದ್ದ ರೈನರನು ಫಾಲ್ಕೊವಿನ ಮೇಲೆ ಬಿದ್ದು ಅವನನ್ನು ತಬ್ಬಿಕೊಂಡು, ತನ್ನ ಮೈಯನ್ನು ಅರ್ಧ ದೈತ್ಯವಾಗಿಸಿ ಅವನಿಗೆ ಮರೆಯಾಗುವನು. ಇದನ್ನು ಚಿತ್ರವು ಎಷ್ಟು ಚಿಕ್ಕದಾಗಿ ತೋರಿಸುವುದೆಂದರೆ ಕಣ್ಣು ಮಿಟುಕಿಸಿದವನಿಗೆ ತಪ್ಪಿಹೋಗುವುದು. ಹಿಂದೆ ಗೋಡೆಯನ್ನು ಗುದ್ದಿ, ತನಗರಿಯದೆಯೇ ರೈನರನನ್ನು ಬಂದೂಕಿನಿಂದ ಹಿಂದೆಳೆದವನು ಇದೇ ಹುಡುಗ. ಮುಂದಿನ ಸಂಚಿಕೆಗಳಲ್ಲಿ ಕಲ್ಲುಮಣ್ಣಿನ ರಾಶಿಯ ಅಡಿಯಲ್ಲಿ ಬಿದ್ದಿರುವ ರೈನರನ ಗಾಯಗಳು, ಬದುಕುವ ಇಚ್ಛೆಯೇ ಇಲ್ಲದುದರಿಂದ, ಮಾಯುವುದಿಲ್ಲ. ಫಾಲ್ಕೊವೂ ರೈನರನ ಸೋದರಸಂಬಂಧಿಯಾದ ಗಾಬಿಯೆಂಬ ಹುಡುಗಿಯೂ ಅವನ ಹೆಸರನ್ನು ಹಿಡಿದು ಕೂಗುವರು. ಸಾಯಲು ಏಕೆ ಬಿಡುವುದಿಲ್ಲ ಎಂದು ಗೊಣಗುತ್ತಲೇ ಅವನು ಏಳುವನು.

ಅಲ್ಲಿಂದ ಕೊನೆಯವರೆಗೂ ಅವನು ಬದುಕಿರುವನು. 2021ರ ಏಪ್ರಿಲಿನಲ್ಲಿ ಪ್ರಕಟವಾದ ಚಿತ್ರಕಥೆಯ ಕೊನೆಯ ಅಧ್ಯಾಯದಲ್ಲಿ, ದೈತ್ಯಶಕ್ತಿಯೆಲ್ಲವೂ ಲೋಕದಿಂದ ಅಳಿದು ಮೂರು ವರ್ಷಗಳಾದ ಮೇಲೆ, ಸಂಧಾನದ ರಾಯಭಾರಿಗಳಲ್ಲೊಬ್ಬನಾಗಿ ಹಡಗನ್ನೇರಿ, ತಾನೊಮ್ಮೆ ಬಾಗಿಲೊಡೆದ ಅದೇ ದ್ವೀಪಕ್ಕೆ ಅವನು ಹೊರಟಿರುವನು. ಕೈಯಲ್ಲಿ ಆ ದ್ವೀಪದ ರಾಣಿಯ ಪತ್ರ. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡುತ್ತಿರುವನು. ಪಕ್ಕದಲ್ಲಿದ್ದ ಹಳೆಯ ಸಂಗಡಿಗನೊಬ್ಬನು, ಮದುವೆಯಾದ ಹೆಂಗಸಿನ ಕಾಗದವನ್ನು ಹಾಗೆ ಮೂಸಬಾರದೆಂದು ಅವನನ್ನು ಗದರಿಸುವನು.